ಬಾಚಿದರೂ ಹೋಗದ ಸುಳಿ: ತೆಳು ಪದರದ ಅಯಸ್ಕಾಂತದಲ್ಲಿ ಸ್ಕಿರ್ಮಿಯಾನ್

ನನ್ನ ತಮ್ಮನ ನೆತ್ತಿಯ ಮೇಲೆ ಒಂದು ಸುಳಿ ಇದೆ. ಅಮ್ಮಿ ದಿನಾ ಬೆಳಿಗ್ಗೆ ಎಣ್ಣೆ ಹಚ್ಚಿ ಬಾಚುತ್ತಾರೆ. ಎಡಕ್ಕೆ ಬಾಚಿದರೆ ಬಲಗಡೆಯ ಕೂದಲು ಏಳುತ್ತದೆ, ಬಲಕ್ಕೆ ಬಾಚಿದರೆ ಎಡಗಡೆಯದು. ಟೋಪಿ ಹಾಕಿದರೆ ಮುಚ್ಚಿಹೋಗುತ್ತದೆ, ಟೋಪಿ ತೆಗೆದರೆ ಅಲ್ಲೇ ಇರುತ್ತದೆ. ಸುಳಿಯ ಹತ್ತಿರದ ಒಂದೊಂದು ಕೂದಲನ್ನೂ ಬೇಕಾದ ಕಡೆಗೆ ತಿರುಗಿಸಬಹುದು, ಆದರೆ ಸುಳಿಯನ್ನೇ ಇಲ್ಲವಾಗಿಸಲು ಆಗುವುದಿಲ್ಲ. ಏಕೆಂದರೆ ಸುಳಿ ಎಂಬುದು ಯಾವುದೋ ಒಂದು ಕೂದಲಿನ ಗುಣವಲ್ಲ, ಎಲ್ಲ ಕೂದಲೂ ಸೇರಿ ನಿಂತಿರುವ ರೀತಿ.

ಅಯಸ್ಕಾಂತದ ಒಳಗೂ ಇಂಥ ಸುಳಿಗಳಿವೆ. ಅವುಗಳಿಗೆ ಸ್ಕಿರ್ಮಿಯಾನ್ ಎಂದು ಹೆಸರು. ಕೂದಲೆಳೆಗಿಂತ ಸಾವಿರಾರು ಪಟ್ಟು ಚಿಕ್ಕವಾದ ಈ ಸುಳಿಗಳನ್ನು ಮೊದಲು ಕಂಪ್ಯೂಟರಿನಲ್ಲಿ ವಿನ್ಯಾಸ ಮಾಡಿ, ಆಮೇಲೆ ಲೋಹದ ಪದರಗಳಲ್ಲಿ ತಯಾರಿಸುತ್ತಾರೆ. ನಾನು ವಾಣಿಜ್ಯ ವಿಭಾಗದವನು, ಸಿಇಬಿಎ. ಭೌತಶಾಸ್ತ್ರವನ್ನು ಹತ್ತನೇ ತರಗತಿಗೇ ಬಿಟ್ಟವನು. ಎಂ.ಎಸ್ಸಿ. ಓದುತ್ತಿರುವ ನಮ್ಮ ಖಾಲಾ ಮಗಳು, ನಾವೆಲ್ಲ ಆಪಾ ಎಂದು ಕರೆಯುವವರು, ಇದೇ ವಿಷಯದಲ್ಲಿ ಪ್ರಾಜೆಕ್ಟ್ ಮಾಡುತ್ತಿದ್ದಾರೆ. ರಜೆಯಲ್ಲಿ ಅವರ ಅಂಕಿಗಳನ್ನು ಗ್ರಾಫ್ ಮಾಡಿಕೊಡಲು ಕುಳಿತವನು ಕೊನೆಗೆ ನಾನೇ ಪ್ರೋಗ್ರಾಂ ಓಡಿಸಿ ನೋಡಿದೆ. ತಪ್ಪನ್ನೂ ಮಾಡಿದೆ. ಆ ತಪ್ಪನ್ನು ಕೊನೆಯಲ್ಲಿ ಹೇಳುತ್ತೇನೆ, ಏಕೆಂದರೆ ಅದು ಅರ್ಥವಾಗಬೇಕಾದರೆ ಮೊದಲು ಉಳಿದದ್ದು ಗೊತ್ತಿರಬೇಕು.

ನಾಲ್ವರು ಪಾಲುದಾರರ ಅಂಗಡಿ

ಅಯಸ್ಕಾಂತಕ್ಕೆ ಹಳೆಯ ಕನ್ನಡ ಹೆಸರು ಸೂಜಿಗಲ್ಲು. ನಮ್ಮ ಮನೆಯಲ್ಲಿ ಮಕ್ನಾತೀಸ್ ಎನ್ನುತ್ತೇವೆ. ಅದರೊಳಗೆ ಕೋಟ್ಯಂತರ ಪರಮಾಣುಗಳಿದ್ದು ಪ್ರತಿಯೊಂದೂ ಒಂದು ಪುಟ್ಟ ಸೂಜಿ ಇದ್ದ ಹಾಗೆ. ಸೂಜಿಗೆ ಒಂದು ದಿಕ್ಕು ಇರುತ್ತದೆ, ಅದನ್ನು ಬಾಣದ ಗುರುತಿನಿಂದ ತೋರಿಸುತ್ತಾರೆ. ಎಲ್ಲ ಬಾಣಗಳೂ ಒಂದೇ ಕಡೆ ನೋಡಿದರೆ ಅದು ಬಲವಾದ ಅಯಸ್ಕಾಂತ. ಆದರೆ ಬಾಣ ಯಾವ ಕಡೆ ನೋಡಬೇಕು ಎನ್ನುವುದನ್ನು ಒಬ್ಬರೇ ತೀರ್ಮಾನಿಸುವುದಿಲ್ಲ. ನಾಲ್ವರು ಪಾಲುದಾರರಿರುವ ಅಂಗಡಿಯಂತೆ ಇಲ್ಲಿ ನಾಲ್ಕು ಮಾತು ನಡೆಯುತ್ತದೆ.

ಮೊದಲನೆಯವನು ವಿನಿಮಯ ಬಲ. ಪಕ್ಕದವನು ನೋಡುವ ಕಡೆಗೇ ನೀನೂ ನೋಡು ಎನ್ನುತ್ತಾನೆ. ಎರಡನೆಯದಕ್ಕೆ ಅನೈಸೊಟ್ರೊಪಿ ಎಂದು ಹೆಸರು. ಪದರ ತುಂಬ ತೆಳುವಾಗಿದ್ದಾಗ ಅದು ಬಾಣಗಳನ್ನು ಹಾಳೆಯ ಮೇಲೆ ಮಲಗಲು ಬಿಡದೆ ನೆಟ್ಟಗೆ, ಮೇಲಕ್ಕೋ ಕೆಳಕ್ಕೋ ನಿಲ್ಲಿಸುತ್ತದೆ. ಮೂರನೆಯದು ಬಾಣಗಳು ದೂರದಿಂದಲೇ ಒಂದನ್ನೊಂದು ಎಳೆದು ತಳ್ಳುವ ಬಲ, ಫ್ರಿಜ್ಜಿನ ಮೇಲೆ ಅಂಟಿಸುವ ಮ್ಯಾಗ್ನೆಟ್ಟಿನಲ್ಲಿ ನಾವು ಕೈಯಿಂದ ಅನುಭವಿಸುವುದು ಇದನ್ನೇ. ನಾಲ್ಕನೆಯದೇ ಈ ಕಥೆಯ ನಾಯಕ. ರಷ್ಯಾದ ಜ್ಯಾಲೊಶಿನ್ಸ್ಕಿ 1958ರಲ್ಲಿಯೂ ಜಪಾನಿನ ಮೊರಿಯಾ 1960ರಲ್ಲಿಯೂ ವಿವರಿಸಿದ ಈ ಬಲ ಪಕ್ಕದ ಬಾಣಕ್ಕೆ ನೀನು ನನ್ನ ಕಡೆಯೇ ನೋಡಬೇಡ, ಸ್ವಲ್ಪ ಓರೆಯಾಗು, ಅದೂ ಯಾವಾಗಲೂ ಒಂದೇ ಕಡೆಗೆ ಓರೆಯಾಗು ಎಂದು ಹೇಳುತ್ತದೆ. ಎಡಗೈ ಬಲಗೈ ಎಂಬ ವ್ಯತ್ಯಾಸ ಇದಕ್ಕೆ ಗೊತ್ತು. ಇದರ ಪ್ರಮಾಣವನ್ನು ಡಿ ಎಂಬ ಅಕ್ಷರದಿಂದ ಸೂಚಿಸುತ್ತಾರೆ.

ಒಬ್ಬನು ನೇರವಾಗಿರು ಎನ್ನುವುದು, ಇನ್ನೊಬ್ಬನು ತಿರುಗು ಎನ್ನುವುದು. ಇದರ ರಾಜಿಯೇ ಸ್ಕಿರ್ಮಿಯಾನ್. ಒಂದು ದುಂಡು ಜಾಗದ ನಡುವೆ ಬಾಣ ಕೆಳಗೆ ನೋಡುತ್ತಿರುತ್ತದೆ. ಅಲ್ಲಿಂದ ಹೊರಕ್ಕೆ ಹೋದಂತೆ ಬಾಣಗಳು ಸ್ವಲ್ಪಸ್ವಲ್ಪವೇ ಓರೆಯಾಗಿ, ಮಲಗಿ, ಮತ್ತೆ ಎದ್ದು, ಅಂಚಿಗೆ ಬರುವಷ್ಟರಲ್ಲಿ ಪೂರ್ತಿ ಮೇಲಕ್ಕೆ ನೋಡುತ್ತವೆ. ಈಗ ಆ ಎಲ್ಲ ಬಾಣಗಳನ್ನೂ ಕಿತ್ತು ಅವುಗಳ ಬುಡವನ್ನು ಒಂದೇ ಬಿಂದುವಿನಲ್ಲಿ ಸೇರಿಸಿ ಎಂದುಕೊಳ್ಳಿ. ತುದಿಗಳೆಲ್ಲ ಸೇರಿ ಒಂದು ಚೆಂಡಿನ ಮೈಯನ್ನು ಸರಿಯಾಗಿ ಒಂದು ಸಲ ಮುಚ್ಚುತ್ತವೆ. ಎಷ್ಟು ಸಲ ಮುಚ್ಚಿದವು ಎಂಬ ಎಣಿಕೆಗೆ ಟೊಪೊಲಾಜಿಕಲ್ ಸಂಖ್ಯೆ ಎನ್ನುತ್ತಾರೆ. ಸುಳಿ ಇದ್ದರೆ ಒಂದು, ಇಲ್ಲದಿದ್ದರೆ ಸೊನ್ನೆ. ಅರ್ಧ ಸುಳಿ, ಕಾಲು ಸುಳಿ ಎಂಬುದಿಲ್ಲ. ಬಾಣಗಳನ್ನು ನಿಧಾನವಾಗಿ ತಿರುಗಿಸುತ್ತಾ ಒಂದರಿಂದ ಸೊನ್ನೆಗೆ ಬರಲು ದಾರಿಯೇ ಇಲ್ಲ. ಎಲ್ಲೋ ಒಂದು ಕಡೆ ಎರಡು ಪಕ್ಕದ ಬಾಣಗಳ ನಡುವೆ ನಂಟು ಕಡಿಯಬೇಕು, ಅಥವಾ ಸುಳಿಯೇ ಹಾಳೆಯ ಅಂಚಿನಿಂದ ಹೊರಗೆ ಜಾರಿಹೋಗಬೇಕು. ಇದೇ ಅದರ ಗಟ್ಟಿತನ.

ಹಾಗೆಂದು ಸುಳಿಯೇ ಯಾವಾಗಲೂ ಅತಿ ಅಗ್ಗದ ಸ್ಥಿತಿ ಎಂದಲ್ಲ. ಎಲ್ಲ ಬಾಣಗಳೂ ಮೇಲೆ ನೋಡುವುದು ಶಕ್ತಿಯ ಲೆಕ್ಕದಲ್ಲಿ ಇನ್ನೂ ಅಗ್ಗವಾಗಿರಬಹುದು. ಆದರೂ ಸುಳಿ ಉಳಿಯುತ್ತದೆ. ಪಕ್ಕದ ಬೀದಿಯಲ್ಲಿ ಬಾಡಿಗೆ ಕಡಿಮೆ ಎಂದು ಗೊತ್ತಿದ್ದರೂ ಹೊಸ ಅಡ್ವಾನ್ಸ್, ಹೊಸ ಬೋರ್ಡು, ಸಾಗಾಟದ ಖರ್ಚು ನೆನೆದು ಅಂಗಡಿಯವರು ಇದ್ದಲ್ಲೇ ಇರುವುದಿಲ್ಲವೇ, ಹಾಗೆ.

ಸ್ಕಿರ್ಮಿಯಾನ್ ಎಂಬ ಹೆಸರು ಬ್ರಿಟಿಷ್ ಭೌತವಿಜ್ಞಾನಿ ಟೋನಿ ಸ್ಕರ್ಮ್ ಅವರದು. ಅವರು 1960ರ ದಶಕದ ಆರಂಭದಲ್ಲಿ ಯೋಚಿಸಿದ್ದು ಅಯಸ್ಕಾಂತದ ಬಗ್ಗೆ ಅಲ್ಲವೇ ಅಲ್ಲ, ಪರಮಾಣುವಿನ ಬೀಜದೊಳಗಿನ ಕಣಗಳ ಬಗ್ಗೆ. ಅಯಸ್ಕಾಂತದಲ್ಲಿ ಇಂಥ ಸುಳಿ ಇರಬಹುದು ಎಂದು 1989ರಲ್ಲಿ ಬೊಗ್ದಾನೊವ್ ಮತ್ತು ಯಬ್ಲೊನ್ಸ್ಕಿ ಲೆಕ್ಕ ಹಾಕಿ ತೋರಿಸಿದರು. ಕಣ್ಣಿಗೆ ಸಿಗಲು ಇಪ್ಪತ್ತು ವರ್ಷ ಬೇಕಾಯಿತು. 2009ರಲ್ಲಿ ಜರ್ಮನಿಯ ಮ್ಯೂನಿಕ್‌ನಲ್ಲಿ ಮ್ಯಾಂಗನೀಸ್ ಸಿಲಿಸೈಡ್ ಹರಳಿನ ಮೇಲೆ ನ್ಯೂಟ್ರಾನ್ ಹಾಯಿಸಿ ಸುಳಿಗಳ ಸಾಲನ್ನು ಪತ್ತೆ ಮಾಡಿದರು. ಅದು ಸುಮಾರು ಮೈನಸ್ 245 ಡಿಗ್ರಿ ಸೆಲ್ಸಿಯಸ್ ಚಳಿಯಲ್ಲಿ. 2010ರಲ್ಲಿ ಜಪಾನಿನ ತಂಡ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಅವುಗಳ ಚಿತ್ರವನ್ನೇ ತೆಗೆಯಿತು.

ಪದರ ಕಟ್ಟುವುದು

ಅಷ್ಟು ಚಳಿಯಲ್ಲಿ ಮಾತ್ರ ಬದುಕುವ ಸುಳಿಯಿಂದ ಯಾರಿಗೂ ಪ್ರಯೋಜನವಿಲ್ಲ. ಇಲ್ಲಿ ತೆಳು ಪದರಗಳು ಬಂದವು. ಕೋಬಾಲ್ಟ್ ಲೋಹವನ್ನು ಒಂದು ನ್ಯಾನೊಮೀಟರಿಗಿಂತ ಕಡಿಮೆ ದಪ್ಪಕ್ಕೆ, ಅಂದರೆ ಕೆಲವೇ ಪರಮಾಣುಗಳಷ್ಟು ದಪ್ಪಕ್ಕೆ ಹಾಸಿ, ಅದರ ಕೆಳಗೆ ಪ್ಲಾಟಿನಂ ಇಟ್ಟರೆ, ಎರಡೂ ಸೇರುವ ಗಡಿಯಲ್ಲಿ ನಮ್ಮ ನಾಲ್ಕನೆಯ ಪಾಲುದಾರ ಹುಟ್ಟಿಕೊಳ್ಳುತ್ತಾನೆ. ಕೋಬಾಲ್ಟಿನ ಮೇಲೂ ಪ್ಲಾಟಿನಂ ಇಟ್ಟರೆ ಏನಾಗುತ್ತದೆ? ಡಬಲ್ ಆಗುತ್ತದೆ ಎಂದು ನಾನು ಹೇಳಿದ್ದೆ. ಆಪಾ ನಕ್ಕರು. ಮೇಲಿನ ಗಡಿ ಕೆಳಗಿನ ಗಡಿಯ ಕನ್ನಡಿ ಬಿಂಬ, ಆದ್ದರಿಂದ ಒಂದು ಎಡಕ್ಕೆ ತಿರುಗಿಸಿದರೆ ಇನ್ನೊಂದು ಬಲಕ್ಕೆ ತಿರುಗಿಸಿ ಜಮಾ ಖರ್ಚು ಸರಿಹೋಗುತ್ತದೆ. ಅದಕ್ಕೇ ಒಂದು ಕಡೆ ಪ್ಲಾಟಿನಂ, ಇನ್ನೊಂದು ಕಡೆ ಇರಿಡಿಯಂ ಇಡುತ್ತಾರೆ. ಆಗ ಎರಡು ಗಡಿಗಳ ಪರಿಣಾಮ ಕೂಡಿಕೊಳ್ಳುತ್ತದೆ. ಈ ಬಲ ಗಡಿಯಲ್ಲಿ ಮಾತ್ರ ಹುಟ್ಟುವುದರಿಂದ ಕೋಬಾಲ್ಟ್ ದಪ್ಪವಾದಷ್ಟೂ ಪ್ರತಿಯೊಂದು ಪರಮಾಣುವಿಗೆ ಸಿಗುವ ಪಾಲು ಕಡಿಮೆ. ಲಾಭ ಅಷ್ಟೇ ಇದ್ದು ಪಾಲುದಾರರು ಹೆಚ್ಚಾದ ಹಾಗೆ.

2016ರಲ್ಲಿ ಫ್ರಾನ್ಸಿನ ಆಲ್ಬೇರ್ ಫೆರ್ ಅವರ ತಂಡ ಇರಿಡಿಯಂ, ಕೋಬಾಲ್ಟ್, ಪ್ಲಾಟಿನಂ ಮೂರನ್ನೂ ಹತ್ತು ಸಲ ಒಂದರ ಮೇಲೊಂದು ಹಾಸಿ, ಸಾಮಾನ್ಯ ಕೊಠಡಿಯ ತಾಪಮಾನದಲ್ಲೇ ನೂರು ನ್ಯಾನೊಮೀಟರಿಗಿಂತ ಚಿಕ್ಕ ಸುಳಿಗಳನ್ನು ಪಡೆಯಿತು. ಅದೇ ವರ್ಷ ಬೇರೆ ತಂಡಗಳೂ ಬೇರೆ ಲೋಹಗಳಲ್ಲಿ ಪಡೆದವು. ಫೆರ್ ಅವರಿಗೆ ಪೀಟರ್ ಗ್ರೂನ್‌ಬರ್ಗ್ ಜೊತೆ 2007ರಲ್ಲಿ ನೊಬೆಲ್ ಬಂದದ್ದು ಇದಕ್ಕಲ್ಲ, ಹಾರ್ಡ್ ಡಿಸ್ಕ್ ಓದುವ ವಿಧಾನವನ್ನೇ ಬದಲಿಸಿದ ಬೃಹತ್ ಕಾಂತರೋಧದ ಶೋಧಕ್ಕೆ.

ಪ್ರಯೋಗಕ್ಕೆ ಮೂರು ವರ್ಷ ಮೊದಲೇ, 2013ರಲ್ಲಿ, ಇದೇ ತಂಡ ಕೋಬಾಲ್ಟ್ ಪ್ಲಾಟಿನಂ ಪದರದಲ್ಲಿ ಒಂಟಿ ಸುಳಿಯನ್ನು ಹುಟ್ಟಿಸಿ ಓಡಿಸಬಹುದು ಎಂದು ಸಿಮ್ಯುಲೇಷನ್ ಮೂಲಕ ತೋರಿಸಿತ್ತು. ಮೊದಲು ಪರದೆಯ ಮೇಲೆ, ಆಮೇಲೆ ಲೋಹದಲ್ಲಿ. ಪ್ಲಾಟಿನಂ, ಇರಿಡಿಯಂ ಎರಡೂ ತುಂಬಾ ದುಬಾರಿ ಲೋಹಗಳು, ಪದರ ಹಾಸುವ ನಿರ್ವಾತ ಯಂತ್ರ ಅದಕ್ಕಿಂತ ದುಬಾರಿ. ನೂರು ಬಗೆಯ ಪದರ ಮಾಡಿ ನೋಡುವ ಬದಲು ನೂರು ಸಲ ಲೆಕ್ಕ ಹಾಕಿ ಒಂದೆರಡನ್ನು ಮಾಡುವುದು ಯಾವ ವ್ಯಾಪಾರಿಗಾದರೂ ಅರ್ಥವಾಗುವ ಮಾತು.

ಬುಗುರಿ ಮತ್ತು ಮನೆಗಳು

ಸಿಮ್ಯುಲೇಷನ್ ಹೇಗೆ ನಡೆಯುತ್ತದೆ? ಹಾಳೆಯನ್ನು ಚೌಕಾಬಾರದ ಹಾಗೆ ಮನೆಗಳಾಗಿ ಹಂಚುತ್ತಾರೆ. ಪ್ರತಿ ಮನೆಗೆ ಒಂದೇ ಬಾಣ. ನಾಲ್ವರು ಪಾಲುದಾರರೂ ಆ ಬಾಣವನ್ನು ಎಷ್ಟು ಎಳೆಯುತ್ತಾರೆಂದು ಕೂಡಿಸುತ್ತಾರೆ. ಎಳೆದ ಕಡೆಗೆ ಬಾಣ ನೇರವಾಗಿ ಹೋಗುವುದಿಲ್ಲ. ಓರೆಯಾದ ಬುಗುರಿ ಬೀಳುವ ಮುಂಚೆ ತಲೆ ತಿರುಗಿಸುತ್ತಾ ಸುತ್ತುವುದಿಲ್ಲವೇ, ಬಾಣವೂ ಹಾಗೆ ಸುತ್ತುತ್ತಾ ಸುತ್ತುತ್ತಾ ನಿಧಾನಕ್ಕೆ ಅತ್ತ ವಾಲುತ್ತದೆ. ಇದರ ಸಮೀಕರಣವನ್ನು 1935ರಲ್ಲಿ ಲಾಂಡೌ ಮತ್ತು ಲಿಫ್‌ಶಿಟ್ಸ್ ಬರೆದರು, ಸುತ್ತಾಟ ನಿಲ್ಲಿಸುವ ತಡೆಯ ಭಾಗವನ್ನು 1955ರಲ್ಲಿ ಗಿಲ್ಬರ್ಟ್ ತಿದ್ದಿದರು. ಕಂಪ್ಯೂಟರ್ ಈ ಲೆಕ್ಕವನ್ನು ಎಲ್ಲ ಮನೆಗಳಿಗೂ ಮಾಡಿ, ಕಾಲವನ್ನು ಒಂದು ಚೂರು ಮುಂದೆ ತಳ್ಳಿ, ಮತ್ತೆ ಮಾಡುತ್ತದೆ.

ಇದಕ್ಕೆ ಉಚಿತ ಪ್ರೋಗ್ರಾಂಗಳಿವೆ. ಅಮೆರಿಕದ ರಾಷ್ಟ್ರೀಯ ಮಾನಕ ಸಂಸ್ಥೆಯ ಊಮ್ಫ್ ಹಳೆಯದು, ಸಾಧಾರಣ ಕಂಪ್ಯೂಟರಿನಲ್ಲೂ ಓಡುತ್ತದೆ. ಬೆಲ್ಜಿಯಂನ ಗೆಂಟ್ ವಿಶ್ವವಿದ್ಯಾಲಯದ ಮ್ಯೂಮ್ಯಾಕ್ಸ್-3 ಗೇಮ್ ಆಡುವವರ ಗ್ರಾಫಿಕ್ಸ್ ಕಾರ್ಡನ್ನು ಬಳಸಿಕೊಂಡು ತುಂಬ ವೇಗವಾಗಿ ಓಡುತ್ತದೆ. ಆಪಾ ಅದನ್ನು ಬಳಸುತ್ತಾರೆ, ಲ್ಯಾಪ್‌ಟಾಪ್ ಮಾತ್ರ ಅವರ ಅಣ್ಣನ ಗೇಮಿಂಗ್ ಲ್ಯಾಪ್‌ಟಾಪ್. ಬರೆಯಬೇಕಾದದ್ದು ಹದಿನೈದು ಸಾಲಿಗಿಂತ ಹೆಚ್ಚಿಲ್ಲ. ನಮ್ಮ ಪೈಥಾನ್ ಲ್ಯಾಬ್ ಮಾಡಿದವರಿಗೆ ಹೆದರಿಕೆ ಆಗುವುದಿಲ್ಲ.

2013ರ ಆ ಕೆಲಸದ ಅಂಕಿಗಳನ್ನೇ ನಾವು ಹಾಕಿದೆವು. ಕೋಬಾಲ್ಟಿನ ದಪ್ಪ 0.4 ನ್ಯಾನೊಮೀಟರ್, ಡಿ ಬೆಲೆ ಚದರ ಮೀಟರಿಗೆ 3 ಮಿಲಿಜೂಲ್. ಹಾಳೆಗೆ 128 ನ್ಯಾನೊಮೀಟರ್ ಅಗಲದ ದುಂಡು ತಟ್ಟೆ, ಮನೆ ಒಂದೊಂದು ನ್ಯಾನೊಮೀಟರ್. ನಡುವೆ ಒಂದು ಒರಟು ಸುಳಿ ಇಟ್ಟು ಅದರ ಪಾಡಿಗೆ ನೆಲೆಗೊಳ್ಳಲು ಬಿಟ್ಟೆವು. ಅದು ಕುಗ್ಗಿ, ಹತ್ತರಿಂದ ಹದಿನೈದು ನ್ಯಾನೊಮೀಟರ್ ಅಗಲಕ್ಕೆ ಬಂದು ನಿಂತಿತು. ಡಿ ಸೊನ್ನೆ ಮಾಡಿದಾಗ ಚುಕ್ಕಿಯಾಗಿ ಮಾಯವಾಯಿತು. 3.5 ಮಾಡಿದಾಗ ದೊಡ್ಡದಾಯಿತು. ಈ ಅಂಕಿಗಳಿಗೆ 3.8ರ ಹತ್ತಿರ ಒಂದು ಗಡಿ ಇದೆ. ಅದನ್ನು ದಾಟಿದರೆ ಬಾಣಗಳನ್ನು ತಿರುಗಿಸುವುದೇ ಲಾಭ, ನೇರವಾಗಿ ನಿಲ್ಲಿಸುವುದೇ ನಷ್ಟ. ಡಿ ಬೆಲೆ 5 ಇಟ್ಟು, ಬಾಣಗಳನ್ನು ಹೇಗೆಂದರೆ ಹಾಗೆ ಚೆಲ್ಲಿ, ದೊಡ್ಡ ಹಾಳೆಯಲ್ಲಿ ಬಿಟ್ಟೆವು. ಪರದೆಯ ತುಂಬ ಕಪ್ಪು ಬಿಳಿ ಪಟ್ಟೆಗಳು ಜಿಲೇಬಿಯ ಹಾಗೆ ಸುತ್ತಿಕೊಂಡವು, ಒಂದು ಒಳ್ಳೆಯ ದುಂಡು ಸುಳಿ ಸಿಗಲಿಲ್ಲ. ವಿನ್ಯಾಸ ಅಂದರೆ ಇದೇ. ಕಡಿಮೆಯಾದರೆ ಸುಳಿ ಸಾಯುತ್ತದೆ, ಹೆಚ್ಚಾದರೆ ಜಿಲೇಬಿ. ನಡುವಿನ ಕಿರಿದಾದ ಜಾಗವನ್ನು ಹುಡುಕಿ, ಆ ಡಿ ಬೆಲೆ ಕೊಡುವ ಲೋಹ ಯಾವುದು, ದಪ್ಪ ಎಷ್ಟು ಎಂದು ಹಿಂದಕ್ಕೆ ಲೆಕ್ಕ ಹಾಕಬೇಕು.

ಇಲ್ಲಿ ನನಗೆ ಒಂದು ಅನುಮಾನ ಬಂತು. ಟೊಪೊಲಾಜಿಕಲ್ ಸಂಖ್ಯೆ ಒಂದು ಬರಬೇಕಲ್ಲವೇ? ಪ್ರೋಗ್ರಾಂ ಕೊಟ್ಟದ್ದು 0.93ರ ಆಸುಪಾಸು. ಅಕೌಂಟೆನ್ಸಿಯಲ್ಲಿ ವ್ಯತ್ಯಾಸ ಬಂದರೆ ಸಸ್ಪೆನ್ಸ್ ಅಕೌಂಟಿಗೆ ಹಾಕಿ ಮುಂದೆ ಹೋಗುವ ಅಭ್ಯಾಸ, ಇಲ್ಲೂ ಹಾಗೆ ಬಿಡೋಣ ಎಂದುಕೊಂಡೆ. ಆಪಾ ಬಿಡಲಿಲ್ಲ. ಸುಳಿಯೇ ಇಲ್ಲದ ತಟ್ಟೆಯನ್ನೂ ಓಡಿಸು ಎಂದರು. ಓಡಿಸಿದೆ. ಸೊನ್ನೆ ಬರಲಿಲ್ಲ, ಮೈನಸ್ 0.07 ಬಂತು. ಅಂಚಿನಲ್ಲಿರುವ ಬಾಣಕ್ಕೆ ಒಂದು ಕಡೆ ನೆರೆಯವನೇ ಇಲ್ಲ, ಆದ್ದರಿಂದ ಅದು ಮೂವತ್ತು ಡಿಗ್ರಿಯಷ್ಟು ಓರೆಯಾಗಿ ನಿಲ್ಲುತ್ತದೆ. ಆ ಓರೆಯ ಪಾಲೇ ಆ 0.07. ಸುಳಿ ಇದ್ದ ತಟ್ಟೆಗೂ ಇಲ್ಲದ ತಟ್ಟೆಗೂ ಇರುವ ಅಂತರ ಮಾತ್ರ ಸರಿಯಾಗಿ ಒಂದು. ಅವತ್ತು ನನಗಾದ ಸಂತೋಷವನ್ನು ವಿಜ್ಞಾನ ವಿಭಾಗದವರು ನಂಬಲಿಕ್ಕಿಲ್ಲ, ಲೆಡ್ಜರ್ ತಾಳೆಯಾದಾಗ ಆಗುವಂಥದ್ದೇ ಸಂತೋಷ ಅದು.

ನನ್ನ ತಪ್ಪು

ಇಷ್ಟೆಲ್ಲ ಆದಮೇಲೆ ನನಗೆ ಧೈರ್ಯ ಹೆಚ್ಚಾಯಿತು. ದೊಡ್ಡ ಹಾಳೆಯಲ್ಲಿ, 1024 ನ್ಯಾನೊಮೀಟರ್ ಉದ್ದ ಅಗಲದಲ್ಲಿ, ಸುಳಿಗಳ ಸಾಲು ಇಟ್ಟು ನೋಡಬೇಕೆನಿಸಿತು. ಒಂದು ನ್ಯಾನೊಮೀಟರಿನ ಮನೆಗಳಾದರೆ ಹತ್ತು ಲಕ್ಷಕ್ಕೂ ಹೆಚ್ಚು. ಮನೆಯನ್ನು 8 ನ್ಯಾನೊಮೀಟರ್ ಮಾಡಿದರೆ 16,384 ಸಾಕು, ಕೆಲಸ ಅರವತ್ತನಾಲ್ಕು ಪಾಲಿನಲ್ಲಿ ಒಂದು ಪಾಲು. ಉಳಿತಾಯ ಎಂದರೆ ಉಳಿತಾಯ. ಶುಕ್ರವಾರ ಜುಮ್ಮಾಕ್ಕೆ ಹೋಗುವ ಮುಂಚೆ ಶುರು ಮಾಡಿ ಹೋದೆ, ಬಂದಾಗ ಮುಗಿದಿತ್ತು. ಪರದೆ ಪೂರ್ತಿ ಒಂದೇ ಬಣ್ಣ. ಒಂದು ಸುಳಿಯೂ ಇಲ್ಲ. ಶಕ್ತಿಯ ಅಂಕಿ ಸರಿಯಾಗಿ ಇಳಿದು ನಿಂತಿತ್ತು, ಪ್ರೋಗ್ರಾಂ ಯಾವ ದೋಷವನ್ನೂ ತೋರಿಸಿರಲಿಲ್ಲ. ದೊಡ್ಡ ಹಾಳೆಯಲ್ಲಿ ಈ ಡಿ ಬೆಲೆಗೆ ಸುಳಿ ಉಳಿಯುವುದಿಲ್ಲ ಎಂದು ನೋಟ್‌ಬುಕ್ಕಿನಲ್ಲಿ ಬರೆದೆ. ಈ ಲೇಖನದ ಮೊದಲ ಕರಡಿನಲ್ಲೂ ಅದೇ ವಾಕ್ಯ ಇತ್ತು. ಸಂಪಾದಕರಾದ ನಮ್ಮ ಕನ್ನಡ ಸರ್ ಅವರಿಗೆ ಕೊಡುವ ಹಿಂದಿನ ದಿನ ಆಪಾಗೆ ತೋರಿಸಿದೆ.

"ಖಾನಾ ಕಿತ್ತಾ ಬಡಾ ರಖಾ?" ಎಂದು ಕೇಳಿದರು. ಅವರು ಕೇಳಿದ್ದು ಊಟದ ಖಾನಾ ಅಲ್ಲ, ಚೌಕದ ಮನೆ ಎಷ್ಟು ದೊಡ್ಡದು ಎಂದು.

ಸುಳಿಯ ಅಗಲ ಹದಿಮೂರು ಹದಿನಾಲ್ಕು ನ್ಯಾನೊಮೀಟರ್. ನನ್ನ ಮನೆ ಎಂಟು. ಅಂದರೆ ಇಡೀ ಸುಳಿಯನ್ನು ನಾನು ಎರಡು ಮನೆಯೊಳಗೆ ತುರುಕಿದ್ದೆ. ಬಾಣಗಳು ನಿಧಾನವಾಗಿ ತಿರುಗುತ್ತಾ ಹೋಗಬೇಕು ಎಂದು ಸುಳಿಯ ವಿವರಣೆಯಲ್ಲೇ ಇದೆ. ನನ್ನ ಹಾಳೆಯಲ್ಲಿ ಪಕ್ಕಪಕ್ಕದ ಬಾಣಗಳ ನಡುವೆ ಸಮಕೋನಕ್ಕಿಂತ ಹೆಚ್ಚಿನ ಅಂತರ ಇತ್ತು. ಅಷ್ಟು ಅಂತರದಲ್ಲಿ ಇದು ಸುಳಿ, ಇದು ಸುಳಿಯಲ್ಲ ಎಂದು ಹೇಳುವ ಗಣಿತವೇ ಕೆಲಸ ಮಾಡುವುದಿಲ್ಲ. ನಂಟು ಕಡಿಯದೆ ಸುಳಿ ಸಾಯದು ಎಂದು ಮೇಲೆ ಬರೆದಿದ್ದೇನಲ್ಲ, ನಂಟನ್ನು ಮೊದಲೇ ಕಡಿದಿಟ್ಟವನು ನಾನೇ. ಪಕ್ಕದ ಬಾಣಗಳ ನಡುವಿನ ಅತಿ ಹೆಚ್ಚು ಕೋನ ಎಷ್ಟು ಎಂದು ಪ್ರೋಗ್ರಾಂ ಕೇಳಿದರೆ ಹೇಳುತ್ತದೆ. ನಾನು ಕೇಳಿರಲಿಲ್ಲ.

ಎರಡನೇ ಪಿಯುಸಿಗೆ ಬಂದ ನಮಗೆಲ್ಲ ಇದು ಗೊತ್ತಿರಬೇಕಾದ ವಿಷಯ. ಟ್ರಯಲ್ ಬ್ಯಾಲೆನ್ಸ್ ತಾಳೆಯಾದ ಮಾತ್ರಕ್ಕೆ ಲೆಕ್ಕ ಸರಿ ಎಂದಲ್ಲ, ತತ್ವದ ತಪ್ಪು, ಬಿಟ್ಟುಹೋದ ತಪ್ಪು ಅದರಲ್ಲಿ ಕಾಣಿಸುವುದಿಲ್ಲ ಎಂದು ಪರೀಕ್ಷೆಯಲ್ಲಿ ಬರೆದು ಅಂಕ ತೆಗೆದುಕೊಂಡಿದ್ದೇನೆ. ಬೇರೆ ಪುಸ್ತಕದಲ್ಲಿ ಅದೇ ತಪ್ಪು ಎದುರಾದಾಗ ಗುರುತಿಸಲಿಲ್ಲ.

ಮತ್ತೆ ಓಡಿಸಿದೆವು, ಚಿಕ್ಕ ತಟ್ಟೆಯಲ್ಲಿ, ಮನೆಯನ್ನು 4, 2, 1 ಎಂದು ಇಳಿಸುತ್ತಾ. 4ರಲ್ಲಿ ಸುಳಿ ಉಳಿಯಿತು, ಗಾತ್ರ ಮಾತ್ರ ನಂಬುವಂತಿರಲಿಲ್ಲ. 2ಕ್ಕೂ 1ಕ್ಕೂ ಹೆಚ್ಚು ವ್ಯತ್ಯಾಸ ಬರಲಿಲ್ಲ. ಹೀಗೆ ಮನೆ ಚಿಕ್ಕದು ಮಾಡಿದರೂ ಉತ್ತರ ಬದಲಾಗದಿದ್ದಾಗ ಮಾತ್ರ ಆ ಉತ್ತರ ಲೋಹದ್ದು, ಅಲ್ಲಿಯವರೆಗೆ ಅದು ಚೌಕದ್ದು. ನೋಟ್‌ಬುಕ್ಕಿನ ವಾಕ್ಯವನ್ನು ಹೊಡೆದುಹಾಕಿದೆ.

ಓಡುವ ಸುಳಿ, ಓರೆ ಹೋಗುವ ಸುಳಿ

ಇಷ್ಟು ಕಷ್ಟ ಯಾಕೆಂದರೆ ನೆನಪಿನ ಕೋಶಕ್ಕಾಗಿ. ಐಬಿಎಂನ ಸ್ಟುವರ್ಟ್ ಪಾರ್ಕಿನ್ 2008ರಲ್ಲಿ ರೇಸ್‌ಟ್ರ್ಯಾಕ್ ಮೆಮೊರಿ ಎಂಬ ಕಲ್ಪನೆಯನ್ನು ಮುಂದಿಟ್ಟರು. ಹಾರ್ಡ್ ಡಿಸ್ಕಿನಲ್ಲಿ ತಟ್ಟೆ ತಿರುಗುತ್ತದೆ, ಇಲ್ಲಿ ತಂತಿ ಸುಮ್ಮನಿದ್ದು ಮಾಹಿತಿಯೇ ಓಡುತ್ತದೆ. ತಂತಿಯಲ್ಲಿ ಸುಳಿಗಳನ್ನು ಸಾಲಾಗಿ ಇಟ್ಟು, ಸುಳಿ ಇದ್ದರೆ ಒಂದು, ಇಲ್ಲದಿದ್ದರೆ ಸೊನ್ನೆ ಎಂದು ಓದಬಹುದು. ವಿದ್ಯುತ್ ಹರಿಸಿದರೆ ಸುಳಿಗಳು ಸಾಗುತ್ತವೆ. ಆದರೆ ನೇರವಾಗಿ ಸಾಗುವುದಿಲ್ಲ, ಸ್ಪಿನ್ ಹಾಕಿದ ಚೆಂಡಿನಂತೆ ಪಕ್ಕಕ್ಕೆ ಹೊರಳುತ್ತವೆ. ಇದನ್ನು 2017ರಲ್ಲಿ ಪ್ರಯೋಗದಲ್ಲೇ ನೋಡಿದರು. ಪಕ್ಕಕ್ಕೆ ಹೋದ ಸುಳಿ ತಂತಿಯ ಅಂಚು ಮುಟ್ಟಿ ಅಳಿದರೆ ಒಂದು ಅಕ್ಷರ ಹೋದ ಹಾಗೆ.

ಇದಕ್ಕೂ ಸಿಮ್ಯುಲೇಷನ್ನಿನಿಂದಲೇ ಒಂದು ಉಪಾಯ ಬಂತು. ಎರಡು ಕಾಂತ ಪದರಗಳನ್ನು ಒಂದು ಮೇಲೆ ನೋಡಿದರೆ ಇನ್ನೊಂದು ಕೆಳಗೆ ನೋಡುವಂತೆ ಜೋಡಿಸಿದರೆ, ಒಂದರ ಸುಳಿ ಎಡಕ್ಕೆ ಹೊರಳಲು ನೋಡುತ್ತದೆ, ಇನ್ನೊಂದರದು ಬಲಕ್ಕೆ. ಎರಡೂ ಕೈ ಹಿಡಿದುಕೊಂಡು ನೇರವಾಗಿ ಹೋಗುತ್ತವೆ. 2016ರಲ್ಲಿ ಹೀಗೆ ಲೆಕ್ಕ ಹಾಕಿದ್ದರು, ಅಂಥ ಜೋಡಿ ಪದರಗಳನ್ನು ಆಮೇಲೆ ನಿಜವಾಗಿಯೂ ತಯಾರಿಸಿದರು. ಆದರೂ ಸ್ಕಿರ್ಮಿಯಾನ್ ಮೆಮೊರಿ ಇನ್ನೂ ಅಂಗಡಿಗೆ ಬಂದಿಲ್ಲ. ನಮ್ಮ ಹದಿನೈದು ಸಾಲಿನ ಪ್ರೋಗ್ರಾಮಿನಲ್ಲಿ ಕೋಬಾಲ್ಟ್ ಗಾಜಿನಂತೆ ನಯ, ತಾಪಮಾನ ಸೊನ್ನೆ. ನಿಜವಾದ ಪದರದಲ್ಲಿ ಲೋಹ ಸಣ್ಣ ಸಣ್ಣ ಹರಳುಗಳಾಗಿ ಕೂತಿರುತ್ತದೆ, ಡಿ ಬೆಲೆ ಒಂದು ಹರಳಿನಿಂದ ಇನ್ನೊಂದಕ್ಕೆ ಬದಲಾಗುತ್ತದೆ, ಸುಳಿ ಎಲ್ಲಾದರೂ ಸಿಕ್ಕಿಹಾಕಿಕೊಂಡರೆ ಹೊರಡುವುದೇ ಇಲ್ಲ.

ಆ ಒರಟುತನವನ್ನೂ ಪ್ರೋಗ್ರಾಮಿಗೆ ಸೇರಿಸಬಹುದು. ಹಾಳೆಯನ್ನು ಕೊತ್ತಂಬರಿ ಬೀಜದ ಹಾಗೆ ತುಂಡು ತುಂಡು ಮಾಡಿ ಪ್ರತಿ ತುಂಡಿಗೂ ಸ್ವಲ್ಪ ಬೇರೆ ಅಂಕಿ ಕೊಡಬೇಕು. ಮಧ್ಯವಾರ್ಷಿಕ ಪರೀಕ್ಷೆ ಮುಗಿದ ಮೇಲೆ ಅದನ್ನು ಓಡಿಸುವುದೆಂದು ಆಪಾ ಹೇಳಿದ್ದಾರೆ, ಮನೆ ಎರಡು ನ್ಯಾನೊಮೀಟರಿಗಿಂತ ದೊಡ್ಡದು ಇಡಬಾರದು ಎಂಬ ಷರತ್ತಿನ ಮೇಲೆ.